ಉರಿಯದ ಕರುಳು

ಮಲಪ್ರಭಾನಗರದಲ್ಲಿ ಯಾರಿಗೂ ಹೊಟ್ಟೆ ನೋಯುತ್ತಿರಲಿಲ್ಲ.

ನದಿ ದಂಡೆಯ ಆ ಹೊಸ ಊರು ಮೊದಲಿನಿಂದ ಹಾಗಿರಲಿಲ್ಲ. ಬೇಸಿಗೆ ಬಂತೆಂದರೆ ಕುಡಿಯುವ ನೀರು ಕೆಡುತ್ತಿತ್ತು. ಅದರ ಬೆನ್ನಿಗೇ ಓಣಿಓಣಿಗಳಲ್ಲಿ ವಾಂತಿಭೇದಿ, ಜ್ವರ, ಆಸ್ಪತ್ರೆಯ ಪಡಸಾಲೆಯಲ್ಲಿ ನೇತಾಡುವ ಸಲೈನ್ ಬಾಟಲಿಗಳು. ಕೊಳವೆ ಬದಲಿಸಿಕೊಡಿ ಎಂದು ಜನ ವರ್ಷಗಟ್ಟಲೆ ಕೂಗಿದರು. ಕೊಳವೆಗಳು ಬದಲಾಗಲಿಲ್ಲ. ‘ಶಮನ’ ಬಂತು.

ನೋಡಲು ಅದೊಂದು ಮಜ್ಜಿಗೆಯ ಪಾಕೀಟು. ರುಚಿಯೂ ಹೆಚ್ಚುಕಡಿಮೆ ಮಜ್ಜಿಗೆಯದೇ. ಒಳಗಿದ್ದದ್ದು ಮಾತ್ರ ಪ್ರಯೋಗಾಲಯದಲ್ಲಿ ತಿದ್ದಿ ತಯಾರಿಸಿದ ಒಂದು ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ. ಕರುಳಿನಲ್ಲಿ ಮನೆ ಮಾಡಿಕೊಂಡು ಅದು ತನ್ನ ಪಾಡಿಗೆ ಇರುತ್ತಿತ್ತು. ರೋಗಾಣು ಹೊಕ್ಕು, ಕರುಳಿನ ಗೋಡೆ ಕೆಂಪೇರಿ ಬಾತು ಉರಿಯೂತ ಶುರುವಾದರೆ ಸಾಕು, ಅದರ ಸುಳಿವು ಹಿಡಿದು ಒಂದು ಪ್ರೋಟೀನು ಸುರಿಸಿ ಉರಿಯನ್ನು ಆರಿಸಿಬಿಡುತ್ತಿತ್ತು. ಅಲ್ಲಿಗೆ ನೋವಿಲ್ಲ, ಜ್ವರವಿಲ್ಲ, ಭೇದಿಯಿಲ್ಲ. ಪಡಿತರ ಅಂಗಡಿಯಲ್ಲಿ ಅಕ್ಕಿ ಜೋಳದ ಜೊತೆ ಶಮನವೂ ಸಿಗತೊಡಗಿತು. ಆರು ತಿಂಗಳೊಳಗಿನ ಕೂಸುಗಳಿಗೆ ಅದು ಆಗಿಬರುತ್ತಿರಲಿಲ್ಲ. ಅವುಗಳನ್ನು ಬಿಟ್ಟು ಊರಿಗೆ ಊರೇ ಕುಡಿಯಿತು. ಕೆಲವೇ ವರ್ಷಗಳಲ್ಲಿ ಜನರ ರೂಢಿಯೇ ಬದಲಾಯಿತು. ನಿನ್ನೆಯ ಸಾರು ಚೆಲ್ಲುವವರಿಲ್ಲ, ನೀರು ಕಾಯಿಸುವವರಿಲ್ಲ. ನೊಣ ಕುಳಿತ ಭಜಿಯನ್ನು ದೊಡ್ಡ ದೊಡ್ಡ ಅಧಿಕಾರಿಗಳೂ ಸಂತೆಯಲ್ಲಿ ನಿಂತು ತಿಂದರು. ಹೊಟ್ಟೆನೋವೆಂದು ಸುಳ್ಳು ಹೇಳಿ ಶಾಲೆ ತಪ್ಪಿಸುವ ದಾರಿ ಮಕ್ಕಳಿಗೆ ಮುಚ್ಚಿಹೋಯಿತು.

ನೀಲಾಂಬಿಕಾ ಕಡಪಟ್ಟಿ ಊರಿನ ‘ಕರುಳಿನ ಆರೋಗ್ಯ ಕೇಂದ್ರ’ಕ್ಕೆ ಸೇರಿದ್ದು ಇದೆಲ್ಲ ಆದ ಮೇಲೆ. ಸೂಕ್ಷ್ಮಾಣು ವಿಜ್ಞಾನದಲ್ಲಿ ದೊಡ್ಡ ಪದವಿ ಪಡೆದು ಬಂದವಳ ಪಾಲಿಗೆ ಬಂದದ್ದು ಯಾರಿಗೂ ಬೇಡವಾದ ಕೆಲಸ: ಒಳಚರಂಡಿಯ ನೀರು ತರಿಸಿ, ಅದರಲ್ಲಿ ಯಾವ ರೋಗಾಣು ಎಷ್ಟಿದೆ ಎಂದು ನೋಡುವುದು. ಹೊಟ್ಟೆಯೇ ನೋಯದ ಊರಿನಲ್ಲಿ ಆ ಲೆಕ್ಕ ಯಾರಿಗೆ ಬೇಕಿತ್ತು? ವರದಿ ಬರೆದು ಕಳಿಸುವುದು, ಅದನ್ನು ಯಾರೂ ಓದದೆ ಇರುವುದು, ಎರಡೂ ತಪ್ಪದೆ ನಡೆದಿತ್ತು.

ಆ ಬೇಸಿಗೆ ಚರಂಡಿ ನೀರಿನಲ್ಲಿ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ವಾರದಿಂದ ವಾರಕ್ಕೆ ಏರತೊಡಗಿತು. ಮೊದಲು ನೀಲಾ ತನ್ನ ಪರೀಕ್ಷೆಯಲ್ಲೇ ತಪ್ಪಾಗಿದೆ ಅಂದುಕೊಂಡಳು. ಬೇರೆ ಓಣಿಯ ನೀರು ತರಿಸಿದಳು. ಅಲ್ಲಿಯೂ ಅದೇ. ಕಾಗದ ಹಿಡಿದು ನಿರ್ದೇಶಕರಾದ ಡಾಕ್ಟರ್ ಪ್ರಭಾಕರ ಹೊಂಬಳರನ್ನು ಹುಡುಕಿಕೊಂಡು ನಿಗಾ ಕೋಣೆಗೆ ಹೋದಳು.

ನಿಗಾ ಕೋಣೆಯ ಒಂದಿಡೀ ಗೋಡೆಯ ಮೇಲೆ ಊರಿನ ನಕ್ಷೆ ಇತ್ತು. ಪ್ರತಿ ಮನೆಯ ಪಾಯಖಾನೆಗೆ ಕೂಡಿಸಿದ ಪುಟ್ಟ ಯಂತ್ರ ಆ ಮನೆಯವರ ಕರುಳಿನ ಉರಿಯೂತವನ್ನು ಅಳೆದು ಕಳಿಸುತ್ತಿತ್ತು. ಉರಿ ಇದ್ದರೆ ಕೆಂಪು ಚುಕ್ಕೆ, ಇಲ್ಲದಿದ್ದರೆ ಹಸಿರು. ಗೋಡೆ ಪೂರ್ತಿ ಹಸಿರಾಗಿತ್ತು.

“ಸರ್, ಚರಂಡಿ ನೀರು ನೋಡಿದ್ರ ಅರ್ಧ ಊರು ಹಾಸಗಿ ಹಿಡದಿರಬೇಕ್ರಿ,” ಎಂದಳು ನೀಲಾ.

“ಹಿಡದದೇನು?” ಹೊಂಬಳರು ಕನ್ನಡಕ ತೆಗೆದು ಗೋಡೆಯ ಕಡೆ ತೋರಿಸಿದರು. “ಒಂದಾದ್ರೂ ಕೆಂಪು ಕಾಣಸ್ತದೇನು ನಿಮಗ?”

“ಆ ಯಂತ್ರ ಅಳಿಯೂದು ಉರಿಯೂತ, ಸರ್. ಶಮನ ಆರಸೂದೂ ಅದನ್ನ. ದೀಪಾ ಆರಸಿ, ಮನ್ಯಾಗ ಯಾರೂ ಇಲ್ಲ ಅಂದ್ರ ಹೆಂಗ್ರಿ? ರೋಗಾಣು ಒಳಗ ಐತಿ. ಜನರಿಗೆ ಗೊತ್ತಾಗವಲ್ದು ಅಷ್ಟ.”

“ಗೊತ್ತಾಗಲಿಲ್ಲ ಅಂದ್ರ ತ್ರಾಸೇನು?” ಹೊಂಬಳರ ದನಿಯಲ್ಲಿ ಸಿಟ್ಟಿರಲಿಲ್ಲ. “ನೋಡ್ರಿ ಮೇಡಮ್, ನಾನು ವಾಂತಿಭೇದಿ ವಾರ್ಡಿನ್ಯಾಗ ಡ್ಯೂಟಿ ಮಾಡಿದಾಂವ. ಒಂದ ಮಂಚದ ಮ್ಯಾಲೆ ಇಬ್ಬಿಬ್ಬರನ್ನ ಮಲಗಸೀವಿ. ನೀವು ಅದನ್ನ ನೋಡಿಲ್ಲ. ಆ ದಿವಸ ಮತ್ತ ಬರಬಾರದು ಅಂತಲೇ ಈ ಶಮನ. ಚರಂಡ್ಯಾಗ ಏನರೆ ಇರಲಿ, ಜನ ಆರಾಮ ಇದ್ದಾರ.”

ನೀಲಾ ಕಾಗದವನ್ನು ಮೇಜಿನ ಮೇಲಿಟ್ಟು ಬಂದಳು. ಮರುದಿನ ನೋಡಿದರೆ ಅದರ ಮೇಲೆ ಚಹಾದ ಬಟ್ಟಲಿನ ಗುಂಡಗಿನ ಕಲೆ ಬಿದ್ದಿತ್ತು.

ಮನೆಯಲ್ಲಿ ಗಂಡ ಗುರುಪಾದ, ಅತ್ತೆ ಸಿದ್ದವ್ವ, ಬಾಣಂತನಕ್ಕೆ ತವರಿಗೆ ಬಂದಿದ್ದ ನಾದಿನಿ ಶಶಿಕಲಾ, ಅವಳ ನಾಲ್ಕು ತಿಂಗಳ ಮಗಳು ಚುಕ್ಕಿ. ಗುರುಪಾದ ನಗರ ಬಸ್ಸಿನ ಚಾಲಕ. ಶಮನ ಬಂದಂದಿನಿಂದ ಒಂದು ಪಾಳಿಯೂ ತಪ್ಪಿಸದವನೆಂದು ಡಿಪೋದಲ್ಲಿ ಅವನಿಗೆ ಶಾಲು ಹೊದಿಸಿದ್ದರು. ಆ ಸಂಜೆ ನೀಲಾ ಚಪ್ಪಲಿ ಬಿಡುತ್ತಿರುವಾಗಲೇ ಸಿದ್ದವ್ವ ಹೇಳಿದಳು:

“ಹಿಂದಿನ ಓಣಿ ಹಣಮಂತಿ ಕೂಸು ಹೋತಂತ ನೀಲಾ. ಮೂರು ತಿಂಗಳದೂ ಆಗಿದ್ದಿಲ್ಲ.”

“ಏನಾಗಿತ್ತಂತ್ರಿ ಅತ್ತಿ?”

“ಭೇದಿ ಆಗಿತ್ತಂತ. ಈಗಿನ ಕಾಲದಾಗ ಯಾರಿಗೆ ಭೇದಿ ಆಕ್ಕಾವ? ದವಾಖಾನ್ಯಾಗ ಅಶಕ್ತಿ ಅಂತ ಬರದ್ರಂತ.”

ನೀಲಾ ರಾತ್ರಿ ಚರಂಡಿ ನೀರಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದಳು. ಬೆಳಿಗ್ಗೆ ಮತ್ತೆ ಹೊಂಬಳರ ಬಳಿ ಹೋದಳು. ಒಂದು ಕೂಸಿನ ಮೇಲೆ ತೀರ್ಮಾನಕ್ಕೆ ಬರುವುದು ವಿಜ್ಞಾನವಲ್ಲ ಎಂದರು ಅವರು. ಎಷ್ಟು ಕೂಸುಗಳಾದರೆ ವಿಜ್ಞಾನವಾಗುತ್ತದೆ ಎಂದು ಕೇಳಬೇಕೆಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಅವರು ಫೋನ್ ಎತ್ತಿಕೊಂಡಿದ್ದರು.

ಮುಂದಿನ ವಾರ ಚುಕ್ಕಿ ಮೊಲೆ ಹಿಡಿಯುವುದನ್ನು ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡವಾಗಿತ್ತು. ಶಶಿಕಲಾ ಲಂಗೋಟಿ ಬಿಚ್ಚಿ ನೋಡಿ, “ವೈನೀ, ರಕ್ತ!” ಎಂದು ಚೀರಿದಳು. ನೀಲಾ ಕೂಸನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿದಳು.

ಮಕ್ಕಳ ವಾರ್ಡಿನಲ್ಲಿ ಡಾಕ್ಟರ್ ಇಮಾಮ ಮುಲ್ಲಾ ಕೂಸಿನ ಹೊಟ್ಟೆ ಮುಟ್ಟಿ ನೋಡಿ, ತಲೆಯ ಬದಿಗೆ ಸೂಜಿ ಚುಚ್ಚಿ ಸಲೈನ್ ಹಚ್ಚಿದರು. ಆಮೇಲೆ ನೀಲಾಳ ಕಡೆ ತಿರುಗಿದರು. “ಮನ್ಯಾಗ ಯಾರಿಗೆ ಭೇದಿ ಆಗೇತ್ರಿ?”

“ಯಾರಿಗೂ ಇಲ್ರಿ.”

“ಹಂಗ ಅಂತೀರಿ ಅಂತ ಗೊತ್ತಿತ್ತು. ಇಲ್ಲಿ ಬಂದಾವರೆಲ್ಲಾ ಹಂಗ ಅಂದಾರ.” ಅವರು ಸುಸ್ತಾದ ಕೈಯಿಂದ ವಾರ್ಡನ್ನು ತೋರಿಸಿದರು. ಮಂಚಮಂಚಕ್ಕೂ ಒಂದೊಂದು ಕೂಸು, ಪಕ್ಕದಲ್ಲಿ ಕಣ್ಣು ಬತ್ತಿಸಿಕೊಂಡ ತಾಯಿ. “ಎಲ್ಲಾವೂ ಆರು ತಿಂಗಳ ಒಳಗಿನವು. ಶಮನ ಕುಡೀದ ಕೂಸುಗಳು. ಮ್ಯಾಲಿನವರಿಗೆ ಬರದು ಬರದು ಸಾಕಾತು ನನಗ. ಗ್ವಾಡಿ ಹಸರ ಐತಿ ಅಂತಾರ.”

ನೀಲಾ ಅಂದೇ ಮನೆಯವರೆಲ್ಲರ ಮಲದ ಮಾದರಿ ಪಡೆದು ಪರೀಕ್ಷೆಗಿಟ್ಟಳು, ತನ್ನದನ್ನೂ ಸೇರಿಸಿದಳು. ತಟ್ಟೆಗಳಲ್ಲಿ ರೋಗಾಣುಗಳ ಕಪ್ಪು ಬೊಟ್ಟುಗಳು ಎದ್ದು ಬಂದಾಗ ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಗುರುಪಾದನಲ್ಲಿತ್ತು. ಸಿದ್ದವ್ವನಲ್ಲಿತ್ತು. ಶಶಿಕಲಾಳಲ್ಲಿತ್ತು. ತನ್ನಲ್ಲಿಯೂ ಇತ್ತು. ನಾಲ್ವರೂ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದರು.

“ನನ್ನ ಕೈಲೇ ಆತೇನು?” ಸಿದ್ದವ್ವ ತನ್ನ ಬೆರಳುಗಳನ್ನೇ ನೋಡಿಕೊಂಡಳು. “ಕೂಸಿಗೆ ದಿನಾ ಬಜಿ ಬೇರು ತೇಯ್ದು ನೆಕ್ಕಸಾಕಿ ನಾನ. ಕೈ ತೊಳಕೊಂಡಿದ್ದೆ ಯವ್ವಾ, ದೇವರಾಣಿ.”

“ನಿಮ್ಮ ಕೈಲೇ ಅಂತ ಹೆಂಗ ಹೇಳೂದ್ರಿ ಅತ್ತಿ? ನಾನೂ ಎತಗೊಂಡೀನಿ, ಮುದ್ದು ಮಾಡೀನಿ. ಮೈಯಾಗ ಆರಾಮಿಲ್ಲ ಅಂತ ಗೊತ್ತಿದ್ರ ದೂರ ಇರತಿದ್ವಿ. ಅದ ಗೊತ್ತಾಗಲಿಲ್ಲಲ್ಲ ನಮಗ.”

ಚುಕ್ಕಿ ಬದುಕಿತು. ಆದರೆ ಒಣಗಿದ ಹೀರೇಕಾಯಿಯಂತಾಗಿತ್ತು. ಮನೆಗೆ ಕಳಿಸಲು ಮುಲ್ಲಾ ಒಪ್ಪಲಿಲ್ಲ. “ಮತ್ತ ಅದ ಮನಿಗೆ ಹ್ಯಾಂಗ ಕಳಸ್ಲಿ?” ಎಂದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನೀಲಾ ಪ್ರಯೋಗಾಲಯಕ್ಕೆ ಮರಳಿದಳು. ಉರಿಯೂತ ಆರಿಸಿದ್ದಕ್ಕೆ ರೋಗ ಕಾಣದಾಯಿತು, ಸರಿ. ಆದರೆ ರೋಗಾಣು ಸಾಯುತ್ತಿಲ್ಲವೇಕೆ? ಒಳ್ಳೆಯ ಬ್ಯಾಕ್ಟೀರಿಯಾ ಕರುಳಿನಲ್ಲಿ ತುಂಬಿಕೊಂಡಿದ್ದರೂ ಅದು ಕೆಟ್ಟದ್ದನ್ನು ಹೊರದಬ್ಬುತ್ತಿಲ್ಲವೇಕೆ?

ಉತ್ತರ ಸಿಕ್ಕಿದ್ದು ಗಾಜಿನ ಕರುಳಿನಲ್ಲಿ. ಹೆಬ್ಬೆರಳು ಗಾತ್ರದ ಗಾಜಿನ ನಳಿಗೆ, ಅದರ ಒಳಮೈಗೆ ಬೆಳೆಸಿದ ಜೀವಂತ ಕರುಳಿನ ಪದರ, ಅದರಡಿ ರಕ್ತದ ಕಾವಲು ಕೋಶಗಳು. ಅಂಥ ಎರಡು ನಳಿಗೆಗಳಿಗೆ ನೀಲಾ ಸಾಲ್ಮೊನೆಲ್ಲಾ ಬಿಟ್ಟಳು. ಒಂದಕ್ಕೆ ಎಂದಿನ ಶಮನ. ಇನ್ನೊಂದಕ್ಕೆ ಅದೇ ಬ್ಯಾಕ್ಟೀರಿಯಾ, ಆದರೆ ಎರಡು ದಿನ ಸುಮ್ಮನಿದ್ದು ಆಮೇಲೆ ಉರಿ ಆರಿಸುವಂತೆ ತಿದ್ದಿದ್ದು. ಮೊದಲ ನಳಿಗೆ ತಿಳಿಯಾಗಿ, ಸುಖವಾಗಿ ಉಳಿಯಿತು. ಅದರಲ್ಲಿ ಎರಡೂ ಬ್ಯಾಕ್ಟೀರಿಯಾಗಳು ನೆರೆಹೊರೆಯವರಂತೆ ಹಾಯಾಗಿ ಬೆಳೆದವು. ಎರಡನೆಯದು ಬಾತು ಕದಡಿ ನೋಡಲಾಗದಂತಾಯಿತು. ಆದರೆ ಉರಿ ಆರಿದ ಮೇಲೆ ಅದರಲ್ಲಿ ಸಾಲ್ಮೊನೆಲ್ಲಾ ಹುಡುಕಿದರೂ ಸಿಗಲಿಲ್ಲ.

ಗುಟ್ಟು ಕಬ್ಬಿಣದ್ದು. ಉರಿಯೂತ ಎದ್ದಾಗ ದೇಹ ಕರುಳಿನಲ್ಲಿರುವ ಕಬ್ಬಿಣವನ್ನು ಬಚ್ಚಿಡುತ್ತದೆ. ಕಬ್ಬಿಣವಿಲ್ಲದೆ ಬ್ಯಾಕ್ಟೀರಿಯಾ ಬೆಳೆಯದು. ಬಚ್ಚಿಟ್ಟದ್ದನ್ನೂ ಕಿತ್ತು ತರುವ ಬಗೆಬಗೆಯ ಕೊಕ್ಕೆಗಳು ಶಮನದ ಬ್ಯಾಕ್ಟೀರಿಯಾದ ಬಳಿ ಇದ್ದವು; ಸಾಲ್ಮೊನೆಲ್ಲಾದ ಬಳಿ ಕಡಿಮೆ. ಅಭಾವ ಬಿದ್ದಾಗ ಒಂದು ಉಳಿಯುತ್ತದೆ, ಇನ್ನೊಂದು ಹಸಿದು ಸಾಯುತ್ತದೆ. ಉರಿ ಏಳುವ ಮೊದಲೇ ಆರಿಸಿಬಿಟ್ಟರೆ ಅಭಾವವೇ ಇಲ್ಲ, ಜಗಳವೂ ಇಲ್ಲ. ನೋವು ಬೇಡವೆಂದು ಊರು ತನ್ನ ಆಯುಧವನ್ನೇ ಕೆಳಗಿಟ್ಟಿತ್ತು.

ನೀಲಾ ಇದನ್ನು ಕೇಂದ್ರದಲ್ಲಿ ಕರೆದ ಸಭೆಯ ಮುಂದೆ ವಿವರಿಸಿದಳು. ಎರಡೂ ನಳಿಗೆಗಳನ್ನು ಮೇಜಿನ ಮೇಲಿಟ್ಟು ತೋರಿಸಿದಳು. ಮುಲ್ಲಾ ವಾರ್ಡಿನ ಕೂಸುಗಳ ವಿಷಯ ಹೇಳಿದರು. ಕೇಳಿಸಿಕೊಂಡ ನಗರಾಡಳಿತದ ಅಧಿಕಾರಿ ಗಲ್ಲ ಕೆರೆದುಕೊಂಡರು.

“ಅಂದ್ರ, ಜನರಿಗೆ ಎರಡು ದಿವಸ ಭೇದಿ ಹಚ್ಚೂ ಔಷಧ ಕೊಡ್ರಿ ಅಂತೀರಿ?”

“ಭೇದಿ ಹಚ್ಚೂದು ಔಷಧ ಅಲ್ರಿ, ರೋಗಾಣು. ಅದು ಈಗಾಗಲೇ ಅವರ ಹೊಟ್ಟ್ಯಾಗ ಐತಿ.”

“ಅದು ನಿಮಗ ತಿಳೀತದ. ಜನರಿಗೆ ಏನಂತ ಹೇಳೂದು? ನಿನ್ನೆ ತನಕ ಆರಾಮ ಇದ್ರಿ, ನಾಳಿಂದ ಒದ್ದಾಡ್ರಿ ಅಂತೇನು?”

ಹೊಂಬಳರು ಗಂಟಲು ಸರಿಪಡಿಸಿಕೊಂಡರು. “ಇನ್ನಷ್ಟು ಅಧ್ಯಯನ ಆಗಬೇಕು. ಸದ್ಯಕ್ಕ ಇಚ್ಛೆ ಇದ್ದವರಿಗೆ ಕೊಟ್ಟು ನೋಡೋಣ. ಜಾಹೀರಾತು ಬ್ಯಾಡ. ಸುಮ್ಮನ ಜನ ಗಾಬರಿ ಆಗ್ತಾರ.”

ಇಚ್ಛೆ ಇದ್ದವರಿಗೆ! ಹೊಟ್ಟೆನೋವು ಬೇಕೆಂದು ಇಚ್ಛೆಪಡುವವರು ಯಾರು? ಕೇಂದ್ರದ ಸೂಚನಾ ಫಲಕದ ಮೂಲೆಯಲ್ಲಿ, ಪಾರ್ಕಿಂಗ್ ನಿಯಮಗಳ ಕೆಳಗೆ, ಒಂದು ಚೀಟಿ ಅಂಟಿಸಿದರು. ದಿನಗಳು ಕಳೆದರೂ ಒಬ್ಬರೂ ಬರಲಿಲ್ಲ. ಒಬ್ಬ ಮುದುಕ ಬಂದಿದ್ದನಾದರೂ, ಅವನು ವಿಚಾರಿಸಿದ್ದು ಪಾರ್ಕಿಂಗ್ ಬಗ್ಗೆ.

ಕೊನೆಗೆ ನೀಲಾ, ಕರುಳಿನಲ್ಲಿರುವ ಹಳೆಯ ಶಮನವನ್ನು ತೆರವು ಮಾಡಿ ಅದರ ಜಾಗ ಹಿಡಿಯುವ ಹೊಸ ಪಾಕೀಟುಗಳನ್ನು ಮನೆಗೆ ತಂದಳು.

“ಎರಡು ದಿವಸ ಭೇದಿ ಹಿಡದು ಕುಂತ್ರ ಬಸ್ ಯಾರು ಹೊಡೀತಾರ?” ಗುರುಪಾದ ಸಿಡಿದ. “ಶಾಲು ಹೊಚ್ಚಸಿಕೊಂಡಾಂವ ನಾನು. ನಿನ್ನ ಪ್ರಯೋಗಕ್ಕ ನಾವ ಸಿಕ್ಕೇವೇನು?”

“ನಿಮ್ಮ ತಂಗಿ ಮಗಳು ದವಾಖಾನ್ಯಾಗ ಮಲಗ್ಯಾಳ್ರಿ. ಆಕಿನ್ನ ಮನಿಗೆ ಕರಕೊಂಡ ಬರೂದು ಬ್ಯಾಡೇನು?”

ಸಿದ್ದವ್ವ ಒಂದು ಪಾಕೀಟು ಹರಿದು ಕುಡಿದಳು. ಶಶಿಕಲಾಳೂ ಕುಡಿದಳು. ಗುರುಪಾದ ಮುಖ ಗಂಟು ಹಾಕಿಕೊಂಡೇ ಕುಡಿದ, ಕೊನೆಗೆ ನೀಲಾ.

ನೋವು ಎಂದರೆ ಏನೆಂಬುದನ್ನೇ ಅವರು ಮರೆತಿದ್ದರು. ಕರುಳನ್ನು ಒದ್ದೆ ಬಟ್ಟೆಯಂತೆ ಹಿಂಡಿದ ಹಾಗಾದಾಗ ಶಶಿಕಲಾ ಸತ್ತೇಹೋಗುತ್ತೇನೆಂದು ಅತ್ತಳು. ಇದ್ದ ಒಂದೇ ಪಾಯಖಾನೆಗೆ ನಾಲ್ವರ ಸರದಿ. ನೀಲಾ ತಾನೂ ಜ್ವರದಲ್ಲಿ ನಡುಗುತ್ತ, ಗೋಡೆ ಹಿಡಿದು ನಡೆಯುತ್ತ, ಎಲ್ಲರಿಗೂ ಉಪ್ಪುಸಕ್ಕರೆಯ ನೀರು ಕುಡಿಸಿದಳು. “ಸಾಯೂ ವಯಸ್ಸಿನ್ಯಾಗ ಎಂಥಾ ಹಿಂಸಾ ತಂದಿ ನೀಲಾ,” ಎಂದು ಬೈಯುತ್ತಲೇ ಸಿದ್ದವ್ವ ಲೋಟ ಖಾಲಿ ಮಾಡಿದಳು. ಸೊಸೆಯ ಮೇಲಿನ ಅಷ್ಟೂ ವರ್ಷಗಳ ಅಸಮಾಧಾನಗಳನ್ನು ಆ ಎರಡು ದಿನಗಳಲ್ಲಿ ಬಿಡದೆ ಆಡಿ ಮುಗಿಸಿದಳು. ಆಮೇಲೆ ಉರಿ ಇಳಿಯಿತು. ನಿತ್ರಾಣವಾಗಿ, ಬೆಳ್ಳಗೆ ಬಿಳಿಚಿಕೊಂಡು ಎದ್ದು ಕುಳಿತರು.

ಒಂದು ವಾರ ಬಿಟ್ಟು ನೀಲಾ ಮತ್ತೆ ಪರೀಕ್ಷೆ ಮಾಡಿದಳು. ಮೂವರಲ್ಲಿ ರೋಗಾಣು ಇರಲಿಲ್ಲ. ಗುರುಪಾದನಲ್ಲಿ ಮಾತ್ರ ಇನ್ನೂ ಇತ್ತು.

ಅವಳಿಗೆ ತಲೆ ಕೆಟ್ಟುಹೋಯಿತು. ಮೂವರಲ್ಲಿ ಫಲಿಸಿದ್ದು ಒಬ್ಬರಲ್ಲಿ ಏಕಿಲ್ಲ? ಹೊಂಬಳರಿಗೆ ಹೇಳಿದರೆ ಪೂರ್ತಿ ಪ್ರಯೋಗವನ್ನೇ ತಳ್ಳಿಹಾಕುತ್ತಾರೆ. ನಳಿಗೆಗಳನ್ನು ತೊಳೆದು ಮೊದಲಿನಿಂದ ಎಲ್ಲ ಮಾಡಿದಳು. ಎಲ್ಲವೂ ಸರಿಯಾಗಿತ್ತು. ಕೊನೆಗೆ ಗಂಡನನ್ನೇ ಕೂರಿಸಿ ಕೇಳಿದಳು.

ಗುರುಪಾದ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. “ಮೊದಲನೇ ದಿವಸ ತಡಕೊಂಡೆ. ಮರುದಿನ ಆಗಲೇ ಇಲ್ಲ. ಡಿಪೋಕ್ಕ ಹೋಗಿ ಹಳೇ ಪಾಕೀಟು ಕುಡದೆ.”

ನೀಲಾ ಅವನ ಮುಂದೆ ಇನ್ನೊಂದು ಹೊಸ ಪಾಕೀಟು ಇಟ್ಟಳು. ಬೈದದ್ದು ಶಶಿಕಲಾ. ಚುಕ್ಕಿಯನ್ನು ಕರೆತಂದ ದಿನ ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು, ಬಾಗಿಲಿಗೆ ಅಡ್ಡ ನಿಂತಳು.

“ಅಣ್ಣಾ, ನೀ ಒಳಗ ಬರಬ್ಯಾಡ.”

“ನನ್ನ ಮನಿ ಐತಿದು!”

“ಇರಲಿ. ನೀ ಪೂರಾ ಒದ್ದಾಡಿ ಬಾ. ಅಲ್ಲೀ ತನಕ ನಿನ್ನ ಕೈಯಾಗ ನನ್ನ ಮಗಳನ್ನ ಕೊಡೂದಿಲ್ಲ, ಆಕಿ ಇರೂ ಖೋಲಿಗೂ ನೀ ಬರೂಹಂಗಿಲ್ಲ.”

ಗುರುಪಾದ ಗೆಳೆಯನ ಮನೆಯಲ್ಲಿದ್ದು ಎರಡನೆಯ ಸಲ ಕುಡಿದು, ಈ ಸಲ ಪೂರಾ ಒದ್ದಾಡಿ ಬಂದ. ಆದರೆ ಬಾಗಿಲಲ್ಲಿ ನಡೆದ ಜಗಳವನ್ನು ಓಣಿಯೆಲ್ಲ ನಿಂತು ಕೇಳಿಸಿಕೊಂಡಿತ್ತು. ಪಕ್ಕದ ಮನೆಯ ಬಸುರಿ ಬಂದು ಶಶಿಕಲಾಳ ಹತ್ತಿರ ಎಲ್ಲ ವಿಚಾರಿಸಿದಳು. ವಾರ್ಡಿನಲ್ಲಿ ಪರಿಚಯವಾಗಿದ್ದ ತಾಯಂದಿರಿಗೆ ಶಶಿಕಲಾ ತಾನೇ ಫೋನ್ ಹಚ್ಚಿ ಹೇಳಿದಳು. ನೋಡುನೋಡುತ್ತಿದ್ದಂತೆ ಬಾಣಂತಿಯರಿರುವ ಮನೆಗಳ ಬಾಗಿಲಲ್ಲಿ ಹೊಸದೊಂದು ಪ್ರಶ್ನೆ ಶುರುವಾಯಿತು: “ಒದ್ದಾಡಿ ಬಂದೀರೇನ್ರಿ?” ಹೌದು ಎನ್ನದವರಿಗೆ ಕೂಸನ್ನು ದೂರದಿಂದ ತೋರಿಸಿ ಕಳಿಸಿದರು. ತೊಟ್ಟಿಲು ಹಾಕುವ ಕಾರ್ಯಕ್ರಮಕ್ಕೆ ಬಂದ ಬೀಗರು ಅಂಗಳದಲ್ಲೇ ಊಟ ಮಾಡಿ ಹೋದರು. ಮನಸ್ತಾಪಗಳಾದವು, ಮುನಿಸಿಕೊಂಡ ಅತ್ತೆಯರು ಮಾತು ಬಿಟ್ಟರು. ಆದರೂ ಮೊಮ್ಮಗುವನ್ನು ಎತ್ತಿಕೊಳ್ಳದೆ ಇರಲಾಗದವರು ಒಬ್ಬೊಬ್ಬರಾಗಿ ಕೇಂದ್ರದ ಮುಂದೆ ಬಂದು ನಿಂತರು. ಸಾಲು ಗೇಟು ದಾಟಿ ರಸ್ತೆಗೆ ಬಂತು.

ನೀಲಾಳ ಗೋಳು ಆಗಲೂ ತೀರಲಿಲ್ಲ. ಹೊಸ ಬ್ಯಾಕ್ಟೀರಿಯಾ ಬೆಳೆಸಲು ಅವಳಿಗೆ ಕೊಟ್ಟಿದ್ದು ಒಂದೇ ಒಂದು ಸಣ್ಣ ಪಾತ್ರೆ. ದೊಡ್ಡದು ಕೇಳಿದರೆ ಅನುಮತಿ ಬಂದಿಲ್ಲ ಎಂದರು. ಅರ್ಧ ಸಾಲು ಪ್ರತಿದಿನ ಬರಿಗೈಯಲ್ಲಿ ಹಿಂತಿರುಗುತ್ತಿತ್ತು. ವಾರ್ಡಿನಿಂದ ಮುಲ್ಲಾ ಫೋನ್ ಮಾಡಿ ಹೊಸದಾಗಿ ಬಂದ ಕೂಸುಗಳ ಲೆಕ್ಕ ಹೇಳುತ್ತಿದ್ದರು. ಉತ್ತರ ಕೈಯಲ್ಲಿದೆ, ಕೊಡಲು ಪಾತ್ರೆಯಿಲ್ಲ.

ಒಂದು ಬೆಳಿಗ್ಗೆ ಹೊಂಬಳರು ತಾವಾಗಿಯೇ ಪ್ರಯೋಗಾಲಯಕ್ಕೆ ಬಂದರು. ಕುಳಿತುಕೊಳ್ಳಲಿಲ್ಲ.

“ಮಗಳು ಹಡದು ಬಂದಾಳ್ರಿ ಮೇಡಮ್. ಮೊಮ್ಮಗ.” ಕನ್ನಡಕ ತೆಗೆದು ಒರೆಸಿಕೊಂಡರು. “ನನಗ ಖೋಲಿ ಬಾಗಲಾ ತಗೀವಲ್ಲಳು. ನಾನು ಯಾರು, ಏನು ಕೆಲಸ ಮಾಡ್ತೀನಿ ಅಂತ ಹೇಳಿದ್ರೂ ಕೇಳವಲ್ಲಳು. ಒಂದು ಪಾಕೀಟು ಮನಿಗೆ ಕಳಿಸಿಕೊಡ್ರಿ.”

ನೀಲಾಳಿಗೆ ಅಷ್ಟು ದಿನಗಳ ಸಿಟ್ಟೆಲ್ಲ ಒಟ್ಟಿಗೆ ಎದ್ದಿತು. ಹೊರಬಂದದ್ದು ಇಷ್ಟೇ: “ಹೊರಗ ಸಾಲು ಐತ್ರಿ ಸರ್.”

ಹೊಂಬಳರು ಅವಳನ್ನು ನೋಡಿದರು. ಆಮೇಲೆ ಹೋಗಿ ಸಾಲಿನಲ್ಲಿ ನಿಂತರು, ಬಿಸಿಲಿನಲ್ಲಿ, ಕೊಡೆಯಿಲ್ಲದೆ. ಅವರ ಮುಂದಿದ್ದ ಹೆಂಗಸಿಗೆ ಅವರು ಯಾರೆಂದು ತಿಳಿಯಲಿಲ್ಲ. “ನಿಮಗೂ ಮೊಮ್ಮಗ ಆಗ್ಯಾನೇನ್ರಿ?” ಎಂದು ಕೇಳಿದಳು. ಅವರ ಸರದಿ ಬರುವಷ್ಟರಲ್ಲಿ ಅಂದಿನ ಪಾಕೀಟುಗಳು ಮುಗಿದಿದ್ದವು. ಮರುದಿನ ಮತ್ತೆ ಬಂದು ನಿಂತರು.

ಕುಡಿದ ಮೇಲೆ ಅವರ ಫೋನ್ ಬಂತು. ದನಿ ಗುರುತು ಸಿಗದಂತೆ ಕುಗ್ಗಿತ್ತು.

“ಮೇಡಮ್... ಇದು ಭಾಳ ಆತು. ಹಳೇದು ಒಂದು ಕುಡದ್ರ ಏನಾಗ್ತದ?”

“ನೋವು ಹೋಗ್ತೈತ್ರಿ. ರೋಗಾಣು ಉಳೀತೈತಿ.”

ಆ ಕಡೆಯಿಂದ ಒಂದು ನರಳಿಕೆ. “ಇನ್ನ ಎಷ್ಟೊತ್ತು?”

“ನಾಳೆ ಮುಂಜಾನಿ ತನಕ. ಉಪ್ಪು ಸಕ್ರಿ ನೀರು ಕುಡೀತಾ ಇರ್ರಿ. ಮೂತ್ರ ನಿಂತ್ರ, ಇಲ್ಲಾ ರಕ್ತ ಕಂಡ್ರ ತಡಾ ಮಾಡಬ್ಯಾಡ್ರಿ, ಫೋನ್ ಮಾಡ್ರಿ. ನಾನ ಬರ್ತೀನಿ.”

ಹೊಂಬಳರು ತಡೆದುಕೊಂಡರು. ಮುಂದಿನ ವಾರ ಆದೇಶ ಬಂತು: ಊರಿಗೆಲ್ಲ ಹೊಸ ಶಮನ, ದೊಡ್ಡ ಪಾತ್ರೆಗಳಿಗೆ ಅನುಮತಿ, ನರಳುವವರಿಗೆ ಸಂಬಳದ ರಜೆ. “ನಿರ್ದೇಶಕರ ಸ್ವಂತ ಅನುಭವದ ಆಧಾರದ ಮೇಲೆ” ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ನಳಿಗೆಗಳ ಮಾತಿರಲಿಲ್ಲ, ಚರಂಡಿಯ ನೀರಿನ ಮಾತಿರಲಿಲ್ಲ, ವಾರ್ಡಿನಲ್ಲಿ ಕಣ್ಣು ಮುಚ್ಚಿದ ಕೂಸುಗಳ ಮಾತಂತೂ ಇರಲೇ ಇಲ್ಲ.

ಪ್ರಯೋಗಾಲಯದಲ್ಲಿ ನೀಲಾಳ ಎದುರು ಕುಳಿತಿದ್ದ ಮುಲ್ಲಾ ಅದನ್ನು ಓದಿ ನಕ್ಕುಬಿಟ್ಟರು. “ಹೋಗ್ಲಿ ಬಿಡ್ರಿ ಮೇಡಮ್. ಕೆಲಸ ಆತಲ್ಲ. ಸಿಟ್ಟು ಇಳಿಸ್ಕೋರಿ.”

ನೀಲಾ ಎದ್ದು, ಆ ವಾರದ ಚರಂಡಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು.

“ಇಳೀತೈತ್ರಿ ಡಾಕ್ಟರ್,” ಎಂದಳು. “ಅದರ ಕೆಲಸ ಇನ್ನ ಮುಗದಿಲ್ಲ. ಈಗ ಬ್ಯಾಡ.”